ಮುದ್ದುತನದ ಸೆಳೆತ: ಅದನ್ನು ಗುರುತಿಸುವುದು, ಬಳಸುವುದು, ಮಿತಿಯಲ್ಲಿಡುವುದು ಹೇಗೆ

ಪುಟ್ಟ ಮಗುವಿನ ಎದುರು ದೊಡ್ಡವರ ದನಿ ತನ್ನಷ್ಟಕ್ಕೆ ತೆಳುವಾಗುತ್ತದೆ, ಅವಸರದ ನಡಿಗೆ ನಿಲ್ಲುತ್ತದೆ, ಒಬ್ಬರಿಗೊಬ್ಬರು ಗುರುತಿಲ್ಲದವರು ಕೂಡ ಮುಖ ನೋಡಿ ನಗುತ್ತಾರೆ. ಇದರಲ್ಲಿ ಯಾವುದನ್ನೂ ಯಾರೂ ಯೋಚಿಸಿ ಮಾಡುವುದಿಲ್ಲ. ಮುದ್ದಾದುದು ಮನಸ್ಸನ್ನು ಸೆಳೆಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ನಾವು ಯಾರಿಗೆ ನೆರವಾಗುತ್ತೇವೆ, ಯಾರನ್ನು ನಂಬುತ್ತೇವೆ, ಯಾರಿಗೆ ಜವಾಬ್ದಾರಿ ವಹಿಸುತ್ತೇವೆ, ಯಾವ ಪ್ರಾಣಿಯ ಉಳಿವಿಗಾಗಿ ಹಣ ಕೊಡುತ್ತೇವೆ ಎಂಬ ಗಂಭೀರ ತೀರ್ಮಾನಗಳಲ್ಲೂ ಆ ಸೆಳೆತದ ಪಾಲಿರುತ್ತದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಮಕ್ಕಳೊಡನೆ ಕೆಲಸ ಮಾಡುವವರು, ಸಂದರ್ಶನ ನಡೆಸಿ ಜನರನ್ನು ಆಯ್ಕೆ ಮಾಡುವವರು, ಸಾಕುಪ್ರಾಣಿ ತರಬೇಕೆಂದಿರುವವರು, ಒಳ್ಳೆಯ ಉದ್ದೇಶವೊಂದಕ್ಕೆ ಜನರನ್ನು ಒಲಿಸಬೇಕಾದವರು, ಎಲ್ಲರಿಗೂ ಈ ಸೆಳೆತದ ಪರಿಚಯ ಇರಬೇಕು. ಅದನ್ನು ಹೇಗೆ ಗುರುತಿಸಬೇಕು, ಎಲ್ಲಿ ಬಳಸಿಕೊಳ್ಳಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮುದ್ದುತನವು ಗಮನದ ಬಾಗಿಲನ್ನು ತೆರೆಯುತ್ತದೆ, ಆದರೆ ಒಳಗೆ ಬರಬೇಕಾದವರು ಯಾರು ಎಂಬುದು ಅದಕ್ಕೆ ತಿಳಿಯದು. ಆ ಎರಡನೆಯ ಕೆಲಸವನ್ನು ನಾವೇ ಮಾಡಬೇಕು.

ಮೊದಲು ಕಣ್ಣನ್ನು ಪಳಗಿಸಿಕೊಳ್ಳಿ

ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಅವರು 1943ರಲ್ಲಿ ಶಿಶುಲಕ್ಷಣಗಳನ್ನು ಒಂದೊಂದಾಗಿ ಗುರುತಿಸಿ ಬರೆದರು. ಮೈಗೆ ಹೋಲಿಸಿದರೆ ದೊಡ್ಡದಾದ ತಲೆ, ಉಬ್ಬಿದ ಎತ್ತರದ ಹಣೆ, ಮುಖದಲ್ಲಿ ತುಸು ಕೆಳಗೆ ಕೂತ ದೊಡ್ಡ ಕಣ್ಣುಗಳು, ತುಂಬಿದ ಕೆನ್ನೆ, ಗಿಡ್ಡನೆಯ ದಪ್ಪ ಕೈಕಾಲು, ಮೆತ್ತನೆಯ ಮೈ, ತಡವರಿಸುವ ಹೆಜ್ಜೆ ಇವೇ ಆ ಲಕ್ಷಣಗಳು. ಇವು ಕಂಡೊಡನೆ ದೊಡ್ಡವರಲ್ಲಿ ಪಾಲಿಸುವ ಪ್ರವೃತ್ತಿ ಎಚ್ಚರಗೊಳ್ಳುತ್ತದೆ ಎಂಬುದು ಅವರ ವಾದ. ಮನುಷ್ಯರ ಕೂಸು ವರ್ಷಗಟ್ಟಲೆ ಇತರರ ಆರೈಕೆಯಿಂದಲೇ ಬದುಕಬೇಕಾದುದರಿಂದ, ಆರೈಕೆ ಮಾಡುವವರ ಮನಸ್ಸನ್ನು ಹಿಡಿದಿಡುವ ಗುರುತುಗಳು ಅದರ ಮೈಮೇಲೆಯೇ ಇರುವುದು ಸಹಜವಾಗಿಯೇ ತೋರುತ್ತದೆ. 2009ರಲ್ಲಿ ಮೆಲನಿ ಗ್ಲೋಕರ್ ಮತ್ತು ಸಂಗಡಿಗರು ಈ ವಾದವನ್ನು ನೇರವಾಗಿ ಪರೀಕ್ಷಿಸಿದರು. ಅವರು ಶಿಶುಗಳ ಭಾವಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಅದೇ ಮಗುವಿನ ಮುಖದಲ್ಲಿ ಈ ಲಕ್ಷಣಗಳನ್ನು ಒಮ್ಮೆ ಹೆಚ್ಚಿಸಿದರು, ಒಮ್ಮೆ ಕುಗ್ಗಿಸಿದರು. ಲಕ್ಷಣಗಳು ಹೆಚ್ಚಿದಾಗ ನೋಡಿದವರಿಗೆ ಮಗು ಹೆಚ್ಚು ಮುದ್ದಾಗಿ ಕಂಡಿತು, ಅದನ್ನು ನೋಡಿಕೊಳ್ಳಬೇಕೆಂಬ ಮನಸ್ಸೂ ಹೆಚ್ಚಾಯಿತು.

ಈ ಗುರುತುಗಳ ಬಲವನ್ನು ಅರಿಯಲು ಪೆನ್ಸಿಲು ಮತ್ತು ಹಾಳೆ ಸಾಕು. ಒಂದೇ ಅಳತೆಯ ಎರಡು ವೃತ್ತಗಳನ್ನು ಬರೆಯಿರಿ. ಮೊದಲನೆಯದರ ಮೇಲ್ಭಾಗದಲ್ಲಿ ಎರಡು ಚಿಕ್ಕ ಕಣ್ಣುಗಳನ್ನೂ ಉದ್ದನೆಯ ಮೂಗನ್ನೂ ಇಡಿ. ಎರಡನೆಯದರಲ್ಲಿ ನಡುಗೆರೆಗಿಂತ ಕೆಳಗೆ ಎರಡು ದೊಡ್ಡ ಕಣ್ಣುಗಳನ್ನು ದೂರದೂರ ಇಟ್ಟು, ಮೂಗು ಬಾಯಿಗಳನ್ನು ಪುಟ್ಟದಾಗಿ ಹತ್ತಿರ ಹತ್ತಿರ ಬರೆಯಿರಿ. ಚಿತ್ರ ಬರೆಯಲು ಬಾರದವರ ಕೈಯಲ್ಲೂ ಎರಡನೆಯ ಮುಖ ಮುದ್ದಾಗಿ ಮೂಡುತ್ತದೆ, ಮತ್ತು ಬರೆದವರೇ ಅದನ್ನು ನೋಡಿ ನಗುತ್ತಾರೆ. ಗೆರೆಗಳಲ್ಲಿ ಮಗುವೂ ಇಲ್ಲ, ಅಸಹಾಯಕತೆಯೂ ಇಲ್ಲ, ಆದರೂ ಮನಸ್ಸು ಅಲುಗಾಡಿತು. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಆಟಿಕೆ, ವಾಹನದ ಮುಂಭಾಗ, ಪೊಟ್ಟಣದ ಮೇಲಿನ ಚಿತ್ರ, ಮೊಬೈಲಿನ ಆ್ಯಪ್‌ಗಳ ಗುರುತು ಎಲ್ಲದರಲ್ಲೂ ಅದೇ ಅಳತೆ ಕಾಣತೊಡಗುತ್ತದೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರಲ್ಲಿ ತೋರಿಸಿಕೊಟ್ಟಂತೆ, ಮಿಕ್ಕಿ ಮೌಸ್ ಕೂಡ ತನ್ನ ಮೊದಲ 50 ವರ್ಷಗಳಲ್ಲಿ ಮೆಲ್ಲಮೆಲ್ಲನೆ ಎಳೆಯದಾಗುತ್ತಾ ಬಂದಿತು. ತಲೆ ದೊಡ್ಡದಾಯಿತು, ಕಣ್ಣು ಹಿಗ್ಗಿತು, ನಡತೆಯೂ ತುಂಟತನದಿಂದ ಸೌಮ್ಯತೆಯ ಕಡೆಗೆ ಸರಿಯಿತು. ಆಟಿಕೆ ಕರಡಿಗಳ ಕಥೆಯೂ ಇದೇ. ಆರಂಭದಲ್ಲಿ ನಿಜವಾದ ಕರಡಿಯನ್ನು ಹೋಲುತ್ತಿದ್ದ ಅವುಗಳ ಮೂತಿ ದಶಕಗಳು ಕಳೆದಂತೆ ಗಿಡ್ಡವಾಯಿತು, ಹಣೆ ಎತ್ತರವಾಯಿತು.

ಆಕಾರವೊಂದೇ ಸಾಕೆಂದು ಭಾವಿಸಬಾರದು. ತೊದಲು ಮಾತು, ಎಳೆಯ ನಗು, ಕಂದನ ಮೈಯ ವಾಸನೆ, ಎಡವಿ ಮತ್ತೆ ಏಳುವ ಓಟ ಇವೂ ಅಷ್ಟೇ ಬಲವಾದ ಗುರುತುಗಳು. ಜೊತೆಗೆ ಒಡನಾಟದಿಂದ ಹುಟ್ಟುವ ಮುದ್ದುತನವೊಂದಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಜನ ಸಾಮಾನ್ಯವಾಗಿ ಹಂಗಿಸಲು ಬಳಸುತ್ತಾರೆ, ಆದರೆ ಅದರಲ್ಲಿ ಈ ಕೈಪಿಡಿಗೆ ಬಹಳ ಬೇಕಾದ ಸತ್ಯವೊಂದಿದೆ. ಕಣ್ಣಿಗೆ ಮುದ್ದಾಗಿ ಕಂಡಿದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂಬುದು ಎಷ್ಟು ನಿಜವೋ, ನೋಡಿಕೊಂಡಿದ್ದು ನಮ್ಮ ಕಣ್ಣಿಗೆ ಮುದ್ದಾಗುತ್ತದೆ ಎಂಬುದೂ ಅಷ್ಟೇ ನಿಜ. ಮೊದಲ ನೋಟದ ಅಸಮಾನತೆಯನ್ನು ಸರಿಪಡಿಸುವ ದಾರಿ ಇದೇ ಆದ್ದರಿಂದ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ನಿಮ್ಮೊಳಗೆ ಆಗುವುದನ್ನು ಗಮನಿಸಿ

ಮುದ್ದಾದುದನ್ನು ಕಂಡಾಗಿನ ಮೊದಲ ಪ್ರತಿಕ್ರಿಯೆ ಎಷ್ಟು ವೇಗವಾದುದೆಂದರೆ ಅದನ್ನು ತಡೆಯುವ ಪ್ರಯತ್ನವೇ ವ್ಯರ್ಥ. ಮಾರ್ಟನ್ ಕ್ರಿಂಗಲ್‌ಬಾಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯವೇ ಇಲ್ಲದ ಶಿಶುವಿನ ಮುಖ ಕಂಡ ಸುಮಾರು 130 ಮಿಲಿಸೆಕೆಂಡುಗಳೊಳಗೆ, ಅಂದರೆ ರೆಪ್ಪೆ ಮಿಟುಕಿಸುವುದಕ್ಕೂ ಮುಂಚೆ, ಕಣ್ಣುಗೂಡುಗಳ ಮೇಲ್ಭಾಗದಲ್ಲಿರುವ ಮೆದುಳಿನ ಮುಂಭಾಗವು ಚುರುಕಾಯಿತು. ಸುಖ ಮತ್ತು ಮೌಲ್ಯದ ಅನುಭವಕ್ಕೆ ಸಂಬಂಧಿಸಿದ ಭಾಗವದು. ದೊಡ್ಡವರ ಮುಖ ಕಂಡಾಗ ಅಲ್ಲಿ ಹಾಗಾಗಲಿಲ್ಲ. ಹೀಗಾಗಿ ಆ ಮೊದಲ ಮಿಡಿತವನ್ನು ಅದರ ಪಾಡಿಗೆ ಬಿಟ್ಟು, ಅದರ ನಂತರ ನೀವು ಏನು ಮಾಡುತ್ತೀರಿ ಎಂಬುದನ್ನು ಗಮನಿಸಿ. ದನಿ ಬದಲಾಯಿತೇ? ಕೈ ಚಾಚಿದಿರಾ? ಹತ್ತಿರವಿದ್ದವರನ್ನು ಕರೆದು ತೋರಿಸಿದಿರಾ? ಬೇರೊಬ್ಬರು ಕೇಳಿದ್ದರೆ ಇಲ್ಲವೆನ್ನುತ್ತಿದ್ದ ಕೆಲಸಕ್ಕೆ ಈಗ ಹೂಂ ಎಂದಿರಾ? ಈ ಪ್ರಶ್ನೆಗಳಲ್ಲಿ ಕೊನೆಯದು ಎಲ್ಲಕ್ಕಿಂತ ಮುಖ್ಯ.

ಈ ಬದಲಾವಣೆಗಳಲ್ಲಿ ಒಂದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗ್ಯಾರಿ ಶರ್ಮನ್, ಜೊನಾಥನ್ ಹೈಟ್ ಮತ್ತು ಜೇಮ್ಸ್ ಕೋನ್ 2009ರಲ್ಲಿ ಕೆಲವರಿಗೆ ನಾಯಿಮರಿ ಮತ್ತು ಬೆಕ್ಕಿನ ಮರಿಗಳ ಚಿತ್ರಗಳನ್ನೂ, ಇನ್ನು ಕೆಲವರಿಗೆ ಬೆಳೆದ ನಾಯಿಬೆಕ್ಕುಗಳ ಚಿತ್ರಗಳನ್ನೂ ತೋರಿಸಿ, ಆಮೇಲೆ ಚಿಮಟದಿಂದ ಸಣ್ಣ ವಸ್ತುಗಳನ್ನು ಅಂಚಿಗೆ ತಗಲದಂತೆ ಎತ್ತುವ ಆಟವನ್ನು ಆಡಿಸಿದರು. ಮರಿಗಳನ್ನು ನೋಡಿದವರ ಕೈ ಹೆಚ್ಚು ಎಚ್ಚರದಿಂದ ಕೆಲಸ ಮಾಡಿತು. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದಲ್ಲಿ ಹಿರೋಶಿ ನಿಟ್ಟೊನೊ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಮುಂದುವರಿಸಿ, ಅಂಕಿಗಳ ಗುಂಪಿನಲ್ಲಿ ನಿರ್ದಿಷ್ಟ ಅಂಕಿಯನ್ನು ಹುಡುಕುವಂಥ ಕೈಚಳಕವಿಲ್ಲದ ಕೆಲಸದಲ್ಲೂ ಅಂಥದೇ ಸುಧಾರಣೆಯನ್ನು ಕಂಡರು. ರುಚಿಯಾದ ತಿನಿಸಿನ ಚಿತ್ರಗಳಿಂದ ಆ ಪರಿಣಾಮ ಸಿಗಲಿಲ್ಲ. ಆದ್ದರಿಂದ ಬರಿಯ ಸಂತೋಷ ಇದಕ್ಕೆ ಕಾರಣವೆನ್ನಲಾಗದು. ಎಳೆಯ ಜೀವವನ್ನು ಎತ್ತಿಕೊಳ್ಳುವ ಮುನ್ನ ಮನಸ್ಸು ಹೇಗೆ ಒಂದೇ ಕಡೆ ಕೂಡಿ ನಿಲ್ಲುತ್ತದೋ ಹಾಗೆಯೇ ಇಲ್ಲೂ ಗಮನದ ಹರವು ಕಿರಿದಾಗಿ ಚೂಪಾಗುತ್ತದೆ ಎಂದು ಅವರು ವಿವರಿಸಿದರು. ಸೂಜಿಕೆಲಸ, ಕರಡು ತಿದ್ದುವಿಕೆ, ಲೆಕ್ಕದ ತಾಳೆ ಮುಂತಾದ ಸೂಕ್ಷ್ಮ ಕೆಲಸಗಳಿಗೆ ಕೂರುವ ಮುನ್ನ ಒಂದೆರಡು ನಿಮಿಷ ಇಂಥ ಚಿತ್ರಗಳನ್ನು ನೋಡಿ ಪ್ರಯೋಗಿಸಬಹುದು. ಆದರೆ ವಿಶಾಲವಾಗಿ ಯೋಚಿಸಬೇಕಾದ, ಹಲವು ದಿಕ್ಕುಗಳಿಂದ ತೂಗಬೇಕಾದ ಕೆಲಸಕ್ಕೆ ಇದೇ ಸಿದ್ಧತೆ ಸರಿಯಾಗಲಾರದು ಎಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಬೇಕಾದುದು ಇದಕ್ಕೆ ವಿರುದ್ಧವಾದ ಗಮನ.

ಇನ್ನೊಂದು ಅನುಭವ ಅನೇಕರನ್ನು ಒಳಗೊಳಗೇ ಗಾಬರಿಗೊಳಿಸುತ್ತದೆ. ಮಗುವಿನ ಕೆನ್ನೆಯನ್ನು ಹಿಂಡಬೇಕು, ಕಚ್ಚಬೇಕು, ಹಿಡಿದು ಅಮುಕಿಬಿಡಬೇಕು ಎಂಬ ಆವೇಗ ಬರುತ್ತದೆ, ಹಲ್ಲು ಬಿಗಿಯಾಗುತ್ತದೆ. ಇದರಲ್ಲಿ ಕೆಡುಕಿನ ಇಚ್ಛೆ ಇಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಓರಿಯಾನಾ ಅರಗಾನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುದ್ದುಕ್ಕಿ ಮನಸ್ಸು ತಾಳಲಾರದಾದಾಗ ಇಂಥ ವಿರುದ್ಧ ಭಾವ ಹೊರಬೀಳುತ್ತದೆ, ಮತ್ತು ಹಾಗೆ ಹೊರಹಾಕಿದವರು ಬೇಗನೆ ಹದಕ್ಕೆ ಮರಳುತ್ತಾರೆ. ಸಂತೋಷಕ್ಕೆ ಕಣ್ಣೀರು ಬರುವುದನ್ನೂ ಅವರು ಇದೇ ಬಗೆಯಲ್ಲಿ ವಿವರಿಸುತ್ತಾರೆ. ಆವೇಗವನ್ನು ಮುಷ್ಟಿಯಲ್ಲಿ ಬಿಗಿಹಿಡಿಯಿರಿ, ಮಗುವಿನ ಕೆನ್ನೆಯ ಮೇಲೆ ಪ್ರಯೋಗಿಸಬೇಡಿ. ನಮಗೆ ಅದು ಮುದ್ದಿನ ಉಕ್ಕು, ಮಗುವಿಗೆ ಅದು ನೋವು. ಮುಖ ತಿರುಗಿಸಿಕೊಳ್ಳುವ ಅಥವಾ ಹಿಂದೆ ಸರಿಯುವ ಮಗು ಬೇಡವೆಂದು ಸ್ಪಷ್ಟವಾಗಿಯೇ ಹೇಳುತ್ತಿರುತ್ತದೆ. ಮುದ್ದಾಗಿರುವುದರಿಂದ ಅದರ ಮಾತಿಗೆ ಬೆಲೆ ಕಡಿಮೆಯಾಗಬಾರದು.

ಗುರುತಿಲ್ಲದವರ ನಡುವೆ ಮಾತು ಹುಟ್ಟಿಸಲು

ಲೊರೆನ್ಜ್ ಅವರ ವಾದಕ್ಕೆ ಶರ್ಮನ್ ಮತ್ತು ಹೈಟ್ 2011ರಲ್ಲಿ ಒಂದು ಮುಖ್ಯ ತಿದ್ದುಪಡಿಯನ್ನು ಸೂಚಿಸಿದರು. ಮುದ್ದುತನವು ಎಚ್ಚರಿಸುವುದು ಬರಿಯ ಆರೈಕೆಯ ಪ್ರವೃತ್ತಿಯನ್ನಲ್ಲ, ಒಡನಾಟದ ಬಯಕೆಯನ್ನು ಎಂದು ಅವರು ಹೇಳಿದರು. ಎದುರಿನ ಜೀವಕ್ಕೆ ಮನಸ್ಸಿದೆ, ಅದು ಏನನ್ನೋ ಬಯಸುತ್ತದೆ ಎಂದು ನಾವು ಆಗ ಭಾವಿಸತೊಡಗುತ್ತೇವೆ. ಅದನ್ನು ನಮ್ಮ ಕಾಳಜಿಯ ವಲಯದೊಳಗೆ ಸೇರಿಸಿಕೊಳ್ಳುತ್ತೇವೆ. ಈ ಮಾತು ನನಗೆ ಒಪ್ಪಿತವಾಗಿ ತೋರುವುದಕ್ಕೆ ಕಾರಣವಿದೆ. ಆರೈಕೆಯೊಂದೇ ಗುರಿಯಾಗಿದ್ದರೆ, ಅತ್ಯಂತ ಅಸಹಾಯಕವಾದ ಹಸುಗೂಸೇ ಎಲ್ಲರಿಗೂ ಅತ್ಯಂತ ಮುದ್ದಾಗಿ ಕಾಣಬೇಕಿತ್ತು. ವಾಸ್ತವದಲ್ಲಿ ಆಗಷ್ಟೇ ಹುಟ್ಟಿದ ಕೂಸಿಗಿಂತ, ಕಣ್ಣಲ್ಲಿ ಕಣ್ಣಿಟ್ಟು ನಗಬಲ್ಲ ಕೆಲವು ತಿಂಗಳ ಮಗು ಹೆಚ್ಚು ಮುದ್ದೆಂದು ಜನ ಹೇಳುತ್ತಾರೆ. ನಾಯಿಮರಿಗಳ ಸೆಳೆತವೂ ಹುಟ್ಟಿದ ದಿನಕ್ಕಿಂತ 6ರಿಂದ 8 ವಾರಗಳ ಹೊತ್ತಿಗೆ ತುತ್ತತುದಿಗೇರುತ್ತದೆ ಎಂದು 2018ರ ಅಧ್ಯಯನವೊಂದು ಕಂಡುಕೊಂಡಿತು. ತಾಯಿ ಹಾಲು ಬಿಡಿಸುವ, ಅಂದರೆ ಮರಿಗೆ ಮನುಷ್ಯರ ಒಡನಾಟ ಬಹಳ ಉಪಯೋಗಕ್ಕೆ ಬರುವ ಕಾಲವದು.

ಮುದ್ದಾದುದರ ಸುತ್ತ ಹುಟ್ಟುವ ಒಡನಾಟ ಅಲ್ಲಿದ್ದ ಇತರರಿಗೂ ಹರಡುತ್ತದೆ. ಡೆಬೊರಾ ವೆಲ್ಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬಾಕೆ ಬೇರೆಬೇರೆ ಹೊತ್ತಿನಲ್ಲಿ ಲ್ಯಾಬ್ರಡಾರ್ ಮರಿ, ಬೆಳೆದ ಲ್ಯಾಬ್ರಡಾರ್, ರಾಟ್‌ವೀಲರ್, ಆಟಿಕೆ ಕರಡಿ, ಗಿಡದ ಕುಂಡ ಇವುಗಳಲ್ಲಿ ಒಂದೊಂದನ್ನು ಜೊತೆಗಿಟ್ಟುಕೊಂಡು ಜನರಿರುವಲ್ಲಿ ಕಾಣಿಸಿಕೊಂಡಳು. ಲ್ಯಾಬ್ರಡಾರ್, ಅದರಲ್ಲೂ ಮರಿ, ಜೊತೆಗಿದ್ದಾಗ ದಾರಿಹೋಕರು ನಗುವುದೂ ಮಾತಾಡಿಸುವುದೂ ಹೆಚ್ಚಿತು. ರಿಚರ್ಡ್ ವೈಸ್‌ಮನ್ 2009ರಲ್ಲಿ ಎಡಿನ್‌ಬರೋದ ಬೀದಿಗಳಲ್ಲಿ 240 ಪರ್ಸುಗಳನ್ನು ಬೇಕೆಂದೇ ಬಿಟ್ಟು ನೋಡಿದರು. ನಗುವ ಶಿಶುವಿನ ಚಿತ್ರವಿದ್ದ ಪರ್ಸುಗಳಲ್ಲಿ ಶೇ 88ರಷ್ಟು ಮರಳಿ ಬಂದವು, ನಾಯಿಮರಿಯ ಚಿತ್ರವಿದ್ದವುಗಳಲ್ಲಿ ಶೇ 53, ವಯಸ್ಸಾದ ದಂಪತಿಯ ಚಿತ್ರವಿದ್ದವುಗಳಲ್ಲಿ ಶೇ 28 ಮಾತ್ರ. ಇದು ಒಂದೇ ನಗರದಲ್ಲಿ ನಡೆದ ಚಿಕ್ಕ ಪ್ರಯೋಗವಾದ್ದರಿಂದ ಅಂಕಿಗಳನ್ನು ನಿಯಮದಂತೆ ಹಿಡಿಯಬಾರದು. ಆದರೆ ಶಿಶುವಿಗೂ ವೃದ್ಧರಿಗೂ ನಡುವಿನ ಆ ಅಂತರವನ್ನು ಮರೆಯಲೂ ಬಾರದು.

ಇದನ್ನು ಬಳಸುವ ಬಗೆ ಸರಳ. ಹೊಸಬರು ಸೇರುವ ಸಭೆಯಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಮಾತಿಗೆ ಹಿಂಜರಿಯುವ ಮಕ್ಕಳ ನಡುವೆ, ಎಲ್ಲರೂ ಒಟ್ಟಿಗೆ ನೋಡಬಹುದಾದ ಮುದ್ದಾದ ವಸ್ತು ಅಥವಾ ಜೀವ ಒಂದಿದ್ದರೆ ಮಾತು ತಾನಾಗಿ ಹುಟ್ಟುತ್ತದೆ, ಏಕೆಂದರೆ ಆಗ ಯಾರೂ ಒಬ್ಬರನ್ನೊಬ್ಬರು ನೇರವಾಗಿ ಎದುರಿಸಬೇಕಾಗಿಲ್ಲ. ಮಾತು ಹುಟ್ಟಿದ ಮೇಲೆ ಅದನ್ನು ಮನುಷ್ಯರ ಕಡೆಗೆ ತಿರುಗಿಸುವುದು ಸಭೆ ಕರೆದವರ ಹೊಣೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬದುಕಿರುವ ಪ್ರಾಣಿಯನ್ನಾಗಲಿ ಮಗುವನ್ನಾಗಲಿ ಈ ಕೆಲಸಕ್ಕೆ ಗಂಟೆಗಟ್ಟಲೆ ಕೈಯಿಂದ ಕೈಗೆ ದಾಟಿಸುವುದು ಸಲ್ಲದು. ಜಪಾನಿನಲ್ಲಿ ತಕನೊರಿ ಶಿಬತ ರೂಪಿಸಿದ, ಸೀಲ್ ಮರಿಯ ಆಕಾರದ ಪ್ಯಾರೋ ಎಂಬ ರೋಬಾಟ್ ಮರೆವಿನ ಕಾಯಿಲೆಯಿರುವ ಹಿರಿಯರ ಆರೈಕೆಯಲ್ಲಿ ಬಳಕೆಗೆ ಬಂದಿರುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ದಣಿವಿಲ್ಲ, ಭಯವಿಲ್ಲ. ಬೆಕ್ಕು ನಾಯಿಗಳ ಒಡನಾಟ ಎಲ್ಲರಿಗೂ ಇರುವುದರಿಂದ ಅವುಗಳ ನಕಲು ಕೃತಕವೆನಿಸುತ್ತದೆ. ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ಕಡಿಮೆಯಾದ್ದರಿಂದ ಆ ಹೋಲಿಕೆಯ ತೊಡಕಿಲ್ಲ.

ಎಳೆಯ ಮುಖದ ವಯಸ್ಕರ ಬಗ್ಗೆ ತೀರ್ಮಾನಿಸುವಾಗ

ಮುದ್ದುತನದ ಪ್ರಭಾವವು ಅನ್ಯಾಯಕ್ಕೆ ತಿರುಗುವುದು ಹೆಚ್ಚಾಗಿ ಇಲ್ಲಿ, ಮತ್ತು ಅದನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟವಾದುದೂ ಇಲ್ಲಿಯೇ. ಕೆಲವು ವಯಸ್ಕರಿಗೆ ಹುಟ್ಟಿನಿಂದಲೇ ದುಂಡು ಮುಖ, ದೊಡ್ಡ ಕಣ್ಣು, ಚಿಕ್ಕ ಗಲ್ಲ ಇರುತ್ತವೆ. ಮನಶ್ಶಾಸ್ತ್ರಜ್ಞೆ ಲೆಸ್ಲಿ ಝೆಬ್ರೊವಿಟ್ಜ್ ದಶಕಗಳ ಕಾಲ ನಡೆಸಿದ ಅಧ್ಯಯನಗಳು ತೋರಿಸಿದಂತೆ, ಶಿಶುವಿಗೆ ಸಲ್ಲುವ ಗುಣಗಳನ್ನೆಲ್ಲ ನಾವು ಇಂಥವರಿಗೆ ಆರೋಪಿಸುತ್ತೇವೆ. ಅವರು ಪ್ರಾಮಾಣಿಕರು, ಮೃದುಸ್ವಭಾವದವರು, ವಿಧೇಯರು ಎಂದುಕೊಳ್ಳುತ್ತೇವೆ. ಅದರ ಜೊತೆಯಲ್ಲೇ ಅವರು ದುರ್ಬಲರು, ಅನುಭವವಿಲ್ಲದವರು, ಹೊಣೆ ಹೊರಲಾರದವರು ಎಂದೂ ಭಾವಿಸುತ್ತೇವೆ. ಮೆಚ್ಚುಗೆ ಮತ್ತು ಕಡೆಗಣನೆ ಎರಡೂ ಒಂದೇ ಮುಖದಿಂದ ಹುಟ್ಟುತ್ತವೆ.

ಇದರ ಪರಿಣಾಮ ಎಷ್ಟು ವಿಚಿತ್ರವಾಗಿರಬಹುದು ಎಂಬುದಕ್ಕೆ ಝೆಬ್ರೊವಿಟ್ಜ್ ಮತ್ತು ಸೂಸನ್ ಮೆಕ್‌ಡೊನಾಲ್ಡ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಅಮೆರಿಕದ ಮೆಸಾಚುಸೆಟ್ಸ್‌ನ ಸಣ್ಣ ದಾವೆಗಳ ನ್ಯಾಯಾಲಯಗಳಲ್ಲಿ ಅವರು ಕಕ್ಷಿದಾರರ ಮುಖಚಹರೆಯನ್ನೂ ತೀರ್ಪನ್ನೂ ಹೋಲಿಸಿ ನೋಡಿದರು. ಬೇಕೆಂದೇ ತಪ್ಪು ಮಾಡಿದ ಆರೋಪವಿದ್ದಾಗ ಎಳೆಯ ಮುಖದ ಪ್ರತಿವಾದಿಗಳು ಪಾರಾಗುವ ಸಾಧ್ಯತೆ ಹೆಚ್ಚಿತ್ತು, ಅಜಾಗರೂಕತೆಯ ಆರೋಪವಿದ್ದಾಗ ಸೋಲುವ ಸಾಧ್ಯತೆ ಹೆಚ್ಚಿತ್ತು. ಮಗು ಕೆಟ್ಟದ್ದನ್ನು ಬಯಸದು, ಆದರೆ ಕೈತಪ್ಪಿ ಬೀಳಿಸುತ್ತದೆ ಎಂಬ ನಂಬಿಕೆಯೇ ಇಲ್ಲಿ ತೀರ್ಪಿನೊಳಗೆ ಸೇರಿಕೊಂಡಂತಿದೆ. 2009ರಲ್ಲಿ ರಾಬರ್ಟ್ ಲಿವಿಂಗ್‌ಸ್ಟನ್ ಮತ್ತು ನಿಕೊಲಸ್ ಪಿಯರ್ಸ್ ಅಮೆರಿಕದ ದೊಡ್ಡ ಕಂಪನಿಗಳ ಮುಖ್ಯಸ್ಥರನ್ನು ಅಧ್ಯಯನ ಮಾಡಿದಾಗ, ಎಳೆಯ ಮುಖಚಹರೆಯು ಕಪ್ಪುವರ್ಣೀಯ ಮುಖ್ಯಸ್ಥರಿಗೆ ಅನುಕೂಲವಾಗಿಯೂ ಬಿಳಿಯ ಮುಖ್ಯಸ್ಥರಿಗೆ ಹಾಗಾಗದೆಯೂ ಇರುವುದು ಕಂಡುಬಂದಿತು. ನೋಡುವವರ ಪೂರ್ವಗ್ರಹವು ಕಪ್ಪುವರ್ಣೀಯರನ್ನು ಬೆದರಿಕೆಯೆಂದು ಭಾವಿಸುವ ಸಮಾಜದಲ್ಲಿ, ಆ ಬೆದರಿಕೆಯನ್ನು ತಗ್ಗಿಸುವ ಮುಖವುಳ್ಳವರಿಗಷ್ಟೇ ಮೇಲೇರುವ ದಾರಿ ಸುಗಮವಾಯಿತೆಂದರೆ ಅದು ನೋವಿನ ಸಂಗತಿ. ಅದೇ ಮುಖ ಒಬ್ಬರನ್ನು ಎತ್ತುತ್ತದೆ, ಇನ್ನೊಬ್ಬರನ್ನು ತಡೆಯುತ್ತದೆ. ಎಲ್ಲಿ ಯಾವುದು ಆಗುತ್ತದೆಂಬುದನ್ನು ಆ ಮುಖ ನಿರ್ಧರಿಸುವುದಿಲ್ಲ, ಅದನ್ನು ನೋಡುವವರ ನಿರೀಕ್ಷೆ ನಿರ್ಧರಿಸುತ್ತದೆ.

ಹಾಗಾದರೆ ಸಂದರ್ಶನ ನಡೆಸುವವರು, ಬಡ್ತಿ ಕೊಡುವವರು, ಜಗಳ ಬಗೆಹರಿಸುವವರು ಏನು ಮಾಡಬೇಕು? ಮುಖ ನೋಡುವುದಕ್ಕೆ ಮುಂಚೆಯೇ, ಯಾವ ಗುಣಕ್ಕೆ ಎಷ್ಟು ಅಂಕ ಎಂಬುದನ್ನು ಬರೆದಿಟ್ಟುಕೊಳ್ಳಿ. ಅರ್ಜಿಯ ಮೊದಲ ಪರಿಶೀಲನೆಯನ್ನು ಭಾವಚಿತ್ರವಿಲ್ಲದೆ ಮುಗಿಸಿ. ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ. ಪಾಪ, ಇಷ್ಟು ದೊಡ್ಡ ಕೆಲಸ ಇವರಿಂದ ಆದೀತೇ ಎಂಬ ಅನುಮಾನ ಮನಸ್ಸಿನಲ್ಲಿ ಬಂದರೆ, ಆ ಅನುಮಾನಕ್ಕೆ ಆಧಾರವಾದ ಒಂದು ನಡತೆಯನ್ನು ಹೆಸರಿಸಲು ಪ್ರಯತ್ನಿಸಿ. ಹೆಸರಿಸಲು ಆಗದಿದ್ದರೆ ಅದು ಮುಖದಿಂದ ಬಂದ ಅನುಮಾನ. ಅನುಮಾನಕ್ಕಿಂತ ನಂಬಿಕೆಯನ್ನು ಹೀಗೆ ಪರೀಕ್ಷಿಸುವುದು ಹೆಚ್ಚು ಕಷ್ಟ, ಏಕೆಂದರೆ ಕರುಣೆ ನಮಗೆ ತಪ್ಪೆಂದು ತೋರುವುದಿಲ್ಲ. ಒಬ್ಬರ ತಪ್ಪನ್ನು ಮನ್ನಿಸುವಾಗ, ಗಡುಸು ಮುಖದ ಇನ್ನೊಬ್ಬರು ಅದನ್ನೇ ಮಾಡಿದ್ದರೆ ಮನ್ನಿಸುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಸ್ವತಃ ಎಳೆಯ ಮುಖವುಳ್ಳವರು ಇದಕ್ಕಾಗಿ ತಮ್ಮನ್ನು ಬದಲಿಸಿಕೊಳ್ಳಬೇಕಾಗಿಲ್ಲ. ಆದರೆ ಹೊಸ ಜಾಗದಲ್ಲಿ ತಮ್ಮ ಅನುಭವವನ್ನು ಮಾತಿನ ಆರಂಭದಲ್ಲಿಯೇ ಸ್ಪಷ್ಟವಾಗಿ ಹೇಳಿಕೊಳ್ಳುವುದು, ಮುಖದ ಮೇಲೆ ಕಟ್ಟಿದ ಊಹೆ ಗಟ್ಟಿಯಾಗುವ ಮುನ್ನವೇ ಅದನ್ನು ಸರಿಪಡಿಸುತ್ತದೆ.

ಮಕ್ಕಳ ವಿಷಯದಲ್ಲೂ ಈ ಅಸಮಾನತೆ ಇದೆ ಎಂದು ಒಪ್ಪಿಕೊಳ್ಳುವುದು ಇನ್ನೂ ಕಷ್ಟ. ಜುಡಿತ್ ಲ್ಯಾಂಗ್ಲಾಯ್ಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಚೆಲುವೆನಿಸಿದ ಶಿಶುಗಳ ತಾಯಂದಿರು ಅವುಗಳೊಡನೆ ಹೆಚ್ಚು ಅಕ್ಕರೆಯಿಂದ ಆಡುತ್ತಿದ್ದುದು ಕಂಡುಬಂದಿತು. ಸೀಳುತುಟಿಯಿರುವ ಶಿಶುವಿನ ಮುಖ ಕಂಡಾಗ ಮೆದುಳಿನ ಆ ಕ್ಷಿಪ್ರ ಪ್ರತಿಕ್ರಿಯೆ ಕುಗ್ಗುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿತು. ಇದು ಹೆತ್ತವರ ತಪ್ಪಲ್ಲ, ಮತ್ತು ಯಾರನ್ನೂ ದೂರಲು ನಾನು ಇದನ್ನು ಹೇಳುತ್ತಿಲ್ಲ. ತಾನಾಗಿ ಬರಬೇಕಾದ ಸೆಳೆತ ತಡವಾದರೆ ಕೆಲಸವನ್ನು ಕೈಯಿಂದ ಆರಂಭಿಸಬಹುದು ಎಂಬುದೇ ಹೇಳಬೇಕಾದ ಮಾತು. ಅಂಥ ಮಗುವನ್ನು ಹೆಚ್ಚು ಹೊತ್ತು ಎತ್ತಿಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿ, ಅದು ಮಾಡುವ ಸದ್ದಿಗೆ ಸದ್ದಿನಿಂದ ಉತ್ತರಿಸಿ. ಒಡನಾಟದಿಂದ ಹುಟ್ಟುವ ಮುದ್ದುತನಕ್ಕೆ ಮೊದಲ ನೋಟದ ಹಂಗಿಲ್ಲ. ಶಿಕ್ಷಕರಿಗೂ ಇದೇ ಮಾತು ಅನ್ವಯಿಸುತ್ತದೆ. ದಿನದ ಕೊನೆಯಲ್ಲಿ ತರಗತಿಯ ಹಾಜರಿ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಯಾವ ಹೆಸರಿನ ಮಗುವನ್ನು ಇಂದು ಮಾತಾಡಿಸಲೇ ಇಲ್ಲ ಎಂದು ಗುರುತಿಸಿ, ನಾಳೆ ಅಲ್ಲಿಂದ ಆರಂಭಿಸಿ. ಮುದ್ದಾದ ಮಗು ತನ್ನ ಪಾಲಿನ ಗಮನವನ್ನು ಹೇಗೂ ಪಡೆದಿರುತ್ತದೆ.

ಒಳ್ಳೆಯ ಕೆಲಸದ ಪ್ರಚಾರಕ್ಕೆ ಬಳಸುವಾಗ

ವಿಶ್ವ ವನ್ಯಜೀವಿ ನಿಧಿ 1961ರಲ್ಲಿ ಸ್ಥಾಪನೆಯಾದಾಗ ಪಾಂಡಾವನ್ನು ಲಾಂಛನವಾಗಿ ಆರಿಸಿಕೊಂಡಿತು. ದುಂಡು ತಲೆ, ಕಣ್ಣಿನ ಸುತ್ತಲಿನ ಕಪ್ಪು ಮಚ್ಚೆಯಿಂದಾಗಿ ದೊಡ್ಡದಾಗಿ ಕಾಣುವ ಕಣ್ಣು, ಕೂತು ತಿನ್ನುವ ಭಂಗಿ ಎಲ್ಲವೂ ಆ ಪ್ರಾಣಿಯಲ್ಲಿವೆ. ಜನರ ಗಮನ ಸೆಳೆಯಲು ಇದು ಸರಿಯಾದ ಆಯ್ಕೆಯಾಗಿತ್ತು, ಮತ್ತು ಪಾಂಡಾ ವಾಸಿಸುವ ಕಾಡು ಉಳಿದರೆ ಅಲ್ಲಿನ ಇತರ ಜೀವಿಗಳಿಗೂ ಪ್ರಯೋಜನವಿದೆ. ಆದರೆ ರಣಹದ್ದು, ಕಪ್ಪೆ, ಸಿಹಿನೀರಿನ ಮೃದ್ವಂಗಿಗಳಿಗೆ ಇಂಥ ಮುಖವಿಲ್ಲ. ಮುದ್ದಾದ ಪ್ರಾಣಿಯನ್ನು ಮುಂದಿಟ್ಟು ಹಣ ಸಂಗ್ರಹಿಸುವವರು, ಆ ಹಣ ಯಾವ ಜೀವಿಗಳಿಗೆ, ಯಾವ ನೆಲೆಗೆ ತಲುಪುತ್ತದೆ ಎಂಬುದನ್ನು ಅದೇ ಪುಟದಲ್ಲಿ ಹೇಳಬೇಕು.

ಚಿತ್ರ ಆರಿಸುವಾಗ ಹಿನ್ನೆಲೆಯ ಮೇಲೆ ನಿಗಾ ಇರಲಿ. 2011ರ ಅಧ್ಯಯನವೊಂದರಲ್ಲಿ, ಚಿಂಪಾಂಜಿಯ ಪಕ್ಕದಲ್ಲಿ ಮನುಷ್ಯರು ನಿಂತ ಚಿತ್ರ ನೋಡಿದವರು, ಕಾಡಿನಲ್ಲಿ ಚಿಂಪಾಂಜಿಗಳ ಸಂಖ್ಯೆ ಚೆನ್ನಾಗಿಯೇ ಇದೆ ಎಂದು ಭಾವಿಸುವ ಸಾಧ್ಯತೆ ಹೆಚ್ಚಿತ್ತು. ಕಚೇರಿಯಂಥ ಹಿನ್ನೆಲೆಯಲ್ಲಿ ಕಂಡಾಗಲೂ ಹಾಗೆಯೇ ಆಯಿತು. ಮನುಷ್ಯರ ಪಕ್ಕದಲ್ಲಿ ಕಂಡಾಗ ಅದನ್ನು ಸಾಕಬಹುದೆಂಬ ಭಾವನೆಯೂ ಹೆಚ್ಚಿತು. ಸ್ಲೋ ಲೋರಿಸ್ ಎಂಬ ಬಗೆಯ ಕಾಡುಪಾಪದ ವಿಡಿಯೋಗಳ ಕಥೆ ಇನ್ನೂ ಸಂಕಟದ್ದು. ಕಚಗುಳಿಯಿಟ್ಟಾಗ ಕೈಗಳನ್ನು ಮೇಲೆತ್ತಿ ಸುಖಿಸುವಂತೆ ಕಾಣುವ ಆ ಪ್ರಾಣಿ ವಾಸ್ತವದಲ್ಲಿ ಹೆದರಿ, ತೋಳಿನ ವಿಷಗ್ರಂಥಿಯನ್ನು ಬಳಸಲು ಸಿದ್ಧವಾಗುವ ಭಂಗಿಯಲ್ಲಿರುತ್ತದೆ. ಮಾರುಕಟ್ಟೆಗೆ ಬರುವ ಮುನ್ನ ಅನೇಕ ಪ್ರಾಣಿಗಳ ಹಲ್ಲುಗಳನ್ನು ಕತ್ತರಿಸಲಾಗಿರುತ್ತದೆ. 2007ರಿಂದ ಅವುಗಳ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ನಿಷೇಧವಿದೆ. ಆದ್ದರಿಂದ ವನ್ಯಪ್ರಾಣಿಯ ಚಿತ್ರವನ್ನು ಅದರ ನೆಲೆಯಲ್ಲಿ, ಮನುಷ್ಯರ ಕೈಯಿಲ್ಲದೆ, ಅದರ ಸಹಜ ಗಾತ್ರ ತಿಳಿಯುವಂತೆ ತೋರಿಸಿ. ಮನೆಯೊಳಗಿನ ವಿಡಿಯೋ ಎಷ್ಟೇ ಮುದ್ದಾಗಿರಲಿ, ಅದನ್ನು ಇತರರಿಗೆ ಕಳಿಸಬೇಡಿ.

ಮನುಷ್ಯರ ಸಂಕಷ್ಟಕ್ಕಾಗಿ ನೆರವು ಕೇಳುವಾಗ ಮಗುವಿನ ಚಿತ್ರ ಹಾಕುವುದು ಎಲ್ಲರೂ ಹಿಡಿಯುವ ಹಾದಿ. ಅದು ಫಲ ಕೊಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಮಗುವಿನ ತಾಯಿ, ಅಜ್ಜ, ಹದಿನೇಳರ ಅಣ್ಣ ಚೌಕಟ್ಟಿನ ಹೊರಗೆ ಉಳಿದುಬಿಡುತ್ತಾರೆ. ಮಗುವಿನೊಡನೆ ಅವರನ್ನೂ ಒಂದೇ ಚಿತ್ರದೊಳಗೆ ತರುವುದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಮಗುವಿಗಾಗಿ ನಿಂತ ಕಣ್ಣು ಆಗ ಅವರನ್ನೂ ನೋಡುತ್ತದೆ.

ಕೊಳ್ಳುವಾಗ ಮತ್ತು ಸಾಕಲು ತರುವಾಗ

ವ್ಯಾಪಾರದಲ್ಲಿ ಮುದ್ದುತನದ ಬಳಕೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಗೆರ್ಗಾನಾ ನೆಂಕೊವ್ ಮತ್ತು ಮೌರಾ ಸ್ಕಾಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿನೋದದ ಆಕಾರದ ಮುದ್ದಾದ ಚಮಚ ಕೈಗೆ ಬಂದವರು ಸಾಧಾರಣ ಚಮಚ ಹಿಡಿದವರಿಗಿಂತ ಹೆಚ್ಚು ಐಸ್‌ಕ್ರೀಮ್ ಹಾಕಿಕೊಂಡರು. ಕೊಳ್ಳುವ ಮುನ್ನ ಅದೇ ವಸ್ತು ಸಪ್ಪೆ ಬಿಳಿ ಪೊಟ್ಟಣದಲ್ಲಿ ಇದ್ದಂತೆ ಕ್ಷಣಕಾಲ ಊಹಿಸಿಕೊಳ್ಳಿ. ಮಾತನಾಡುವ ಯಂತ್ರ ಅಥವಾ ಆ್ಯಪ್‌ಗೆ ದೊಡ್ಡ ಕಣ್ಣುಗಳಿದ್ದರೆ, ಅದು ಯಾವ ಮಾಹಿತಿ ಕೇಳುತ್ತಿದೆ ಎಂಬುದನ್ನು ಎರಡು ಬಾರಿ ಓದಿ.

ನಾಯಿ ತರುವವರಿಗೆ ಹೇಳಬೇಕಾದುದು ಸ್ವಲ್ಪ ಹೆಚ್ಚಿದೆ. ನಾಯಿಗೆ ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯುವೊಂದಿದೆ. ಅದನ್ನು ಎತ್ತಿದಾಗ ಕಣ್ಣು ದೊಡ್ಡದಾಗಿ, ನೋಟ ಮಗುವಿನಂತೆ ಕಾಣುತ್ತದೆ. ಜೂಲಿಯಾನೆ ಕಮಿನ್‌ಸ್ಕಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದಂತೆ ತೋಳಗಳಲ್ಲಿ ಈ ಸ್ನಾಯು ಸರಿಯಾಗಿ ಬೆಳೆದಿಲ್ಲ, ಅಲ್ಲಿರುವುದು ಕೆಲವು ಎಳೆಗಳಷ್ಟೇ. ನಾಯಿಗಳು ಮನುಷ್ಯರೊಡನೆ ಬಾಳಿದ ಸಾವಿರಾರು ವರ್ಷಗಳಲ್ಲಿ ನಮ್ಮ ಮನಸ್ಸು ಅವುಗಳ ಮುಖವನ್ನೇ ಬದಲಿಸಿದೆ. ಆ ಬದಲಾವಣೆಯಿಂದ ನಾಯಿಗೆ ಕೇಡಾಗಿಲ್ಲ. ಆದರೆ ಪಗ್, ಫ್ರೆಂಚ್ ಬುಲ್‌ಡಾಗ್ ಮುಂತಾದ ತಳಿಗಳಲ್ಲಿ ಚಪ್ಪಟೆ ಮುಖಕ್ಕಾಗಿ ನಡೆದ ಆಯ್ಕೆ ಅವುಗಳ ಉಸಿರಿಗೇ ಕುತ್ತು ತಂದಿದೆ. ಗೊರಕೆಯಂಥ ಆ ಸದ್ದು ಮುದ್ದಿನ ಲಕ್ಷಣವಲ್ಲ, ಇಕ್ಕಟ್ಟಾದ ಶ್ವಾಸಮಾರ್ಗದ ಸದ್ದು. ತಳಿ ಆರಿಸುವ ಮುನ್ನ ಪಶುವೈದ್ಯರನ್ನು ಕಂಡು, ಆ ತಳಿಗೆ ಹತ್ತನೆಯ ವಯಸ್ಸಿನಲ್ಲಿ ಬರುವ ತೊಂದರೆಗಳೇನು ಎಂದು ಕೇಳಿ. ಮರಿಯ ಚಿತ್ರವನ್ನು ಬದಿಗಿಟ್ಟು, ಅದೇ ತಳಿಯ ಬೆಳೆದ ನಾಯಿಯೊಡನೆ ಒಂದು ಸಂಜೆ ಕಳೆಯಿರಿ. ಮರಿತನ ತಿಂಗಳುಗಳಲ್ಲಿ ಮುಗಿಯುತ್ತದೆ, ನಾಯಿ ನಿಮ್ಮೊಡನೆ ಇರುವುದು ವರ್ಷಗಟ್ಟಲೆ.

ಪ್ರಾಣಿಗಳ ಆಶ್ರಯತಾಣಗಳಲ್ಲಿ ಸ್ವಯಂಸೇವಕರಾಗಿರುವವರ ಕೈಯಲ್ಲಿ ಇದಕ್ಕೆ ಒಂದಷ್ಟು ಪರಿಹಾರವಿದೆ. ಹುಬ್ಬೆತ್ತಿ ನೋಡುವ ನಾಯಿಗಳಿಗೆ ಬೇಗ ಮನೆ ಸಿಗುತ್ತದೆ ಎಂದು 2013ರ ಅಧ್ಯಯನವೊಂದು ಹೇಳಿದೆ. ಹಾಗಾಗಿ ಹುಬ್ಬೆತ್ತದವು, ಬೆಳೆದವು, ಮುಪ್ಪಾದವು ಹಿಂದೆ ಉಳಿಯುತ್ತವೆ. ಅವುಗಳ ಚಿತ್ರವನ್ನು ಮೇಲಿನಿಂದ ತೆಗೆಯದೆ, ನೆಲಕ್ಕೆ ಕೂತು ಅವುಗಳ ಕಣ್ಣಿನ ಎತ್ತರದಿಂದ, ಬೆಳಕು ಮುಖದ ಮೇಲೆ ಬೀಳುವ ಹೊತ್ತಿನಲ್ಲಿ ತೆಗೆಯಿರಿ. ಚಿತ್ರದ ಕೆಳಗೆ ತಳಿ ಮತ್ತು ವಯಸ್ಸನ್ನಷ್ಟೇ ಬರೆದು ಬಿಡಬೇಡಿ. ಯಾವ ಸದ್ದಿಗೆ ಓಡಿ ಬರುತ್ತದೆ, ಮಕ್ಕಳೊಡನೆ ಹೇಗಿರುತ್ತದೆ, ರಾತ್ರಿ ಎಲ್ಲಿ ಮಲಗಲು ಇಷ್ಟಪಡುತ್ತದೆ ಎಂಬ ಎರಡು ಮೂರು ನಿಜವಾದ ಸಂಗತಿಗಳನ್ನು ಸೇರಿಸಿ. ನೋಡಲು ಬಂದವರನ್ನು ಮೊದಲು ಮರಿಗಳ ಗೂಡಿಗೆ ಕರೆದೊಯ್ಯದೆ, ಬೆಳೆದ ನಾಯಿಯ ಹಗ್ಗವನ್ನು ಅವರ ಕೈಗೆ ಕೊಟ್ಟು ಅರ್ಧ ಗಂಟೆ ಜೊತೆಯಲ್ಲಿ ಅಡ್ಡಾಡಲು ಬಿಡಿ.